ಮಡಿಸುವುದು, ಕತ್ತರಿಸುವುದು

ರೋಣ, ನರಗುಂದ, ಗಜೇಂದ್ರಗಡ. ಗದಗ ಜಿಲ್ಲೆಯ ಈ ಮೂರು ಊರುಗಳಲ್ಲಿ ಯಾವುದಕ್ಕೆ ಹೋದರೂ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲೋ ಕಾಲೇಜಿನ ದಾರಿಯಲ್ಲೋ ಒಂದೆರಡು ಝೆರಾಕ್ಸ್ ಅಂಗಡಿಗಳು ಸಿಗುತ್ತವೆ. ಹೆಸರು ಝೆರಾಕ್ಸ್ ಆದರೂ ಈಗ ಅಲ್ಲಿನ ದೊಡ್ಡ ಕೆಲಸ ಆನ್‌ಲೈನ್ ಅರ್ಜಿ ತುಂಬುವುದು. ನೇಮಕಾತಿಯ ಅಧಿಸೂಚನೆ ಹೊರಬಿದ್ದ ವಾರ ಇಂಥ ಕಡೆ ಪದೇಪದೇ ಕೇಳಿಸುವ ಮಾತು ಒಂದೇ: “ಅಣ್ಣಾರ, ಫೋಟೋ ಅಪ್‌ಲೋಡ್ ಆಗವಲ್ದ್ರಿ.” ಅದಕ್ಕೆ ಉತ್ತರವೂ ಒಂದೇ: “ತಡಿಯಪಾ, ಕೆಬಿ ಇಳಸ್ತೀನಿ.”

ಬ್ಯಾಂಕ್ ನೌಕರಿಗೆ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿಗಳಲ್ಲಿ ಫೋಟೋ 20 ಕೆಬಿಯಿಂದ 50 ಕೆಬಿಯೊಳಗೆ ಇರಬೇಕು, ಸಹಿ 10ರಿಂದ 20 ಕೆಬಿಯೊಳಗೆ. ಸಾಮಾನ್ಯ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅಂದರೆ ಎಪ್ಪತ್ತು ಪಾಲಿನಲ್ಲಿ ಒಂದು ಪಾಲನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಬೇಕು. ಅಂಗಡಿಯವರು ಒಂದು ವೆಬ್‌ಸೈಟಿಗೆ ಫೋಟೋ ಹಾಕುತ್ತಾರೆ, ಕ್ಷಣದಲ್ಲಿ ಅದು 48 ಕೆಬಿಯಾಗಿ ಹೊರಬರುತ್ತದೆ, ಅರ್ಜಿ ಮುಂದಕ್ಕೆ ಹೋಗುತ್ತದೆ. ಬಿಟ್ಟುಹೋದ ಅರವತ್ತೊಂಬತ್ತು ಪಾಲು ಏನಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳುವ ಅಗತ್ಯವೂ ಬಹುಪಾಲು ಇರುವುದಿಲ್ಲ. ಈ ಬರಹ, ಆ ಅಗತ್ಯ ಬೀಳುವ ಕೆಲವು ಸಂದರ್ಭಗಳ ಕುರಿತದ್ದು.

ಇಂಥ ವೆಬ್‌ಸೈಟುಗಳ ಹಿಂದೆ ಕೆಲಸ ಮಾಡುವುದು ಹೆಚ್ಚಾಗಿ ಮುಖವಿಲ್ಲದ ಸಣ್ಣ ಪ್ರೋಗ್ರಾಮುಗಳು. ಅವುಗಳಿಗೆ ಗುಂಡಿಗಳಿಲ್ಲ, ಕಿಟಕಿಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದರೆ ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತವೆ. ಇದನ್ನು ಕಮಾಂಡ್ ಲೈನ್ ಎನ್ನುತ್ತಾರೆ. ಇಮೇಜ್‌ಮ್ಯಾಜಿಕ್, ಜೆಪೆಗ್‌ಆಪ್ಟಿಮ್, ಪಿಎನ್‌ಜಿಕ್ವಾಂಟ್, ಸಿವೆಬ್‌ಪಿ ಇವೆಲ್ಲ ಈ ಜಾತಿಯವು. ಇವುಗಳ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ಹಲವನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಮಂದಿ, ಎಷ್ಟೋ ಸಲ ಸಂಬಳವಿಲ್ಲದೆ. ಅವರ ಮುಂದೆ ಜಗತ್ತಿನ ಎಲ್ಲ ಕಡೆಯಿಂದ ಬೇಡಿಕೆಗಳು ಬಂದು ಬೀಳುತ್ತಿರುತ್ತವೆ. ಫೀಚರ್ ರಿಕ್ವೆಸ್ಟ್ ಎಂಬುದು ಅವುಗಳ ಹೆಸರು. ನಾವು ಕೋರಿಕೆ ಎನ್ನೋಣ.

ಚಿತ್ರ ಕುಗ್ಗಿಸುವ ಯಾವ ಸಾಧನಕ್ಕೇ ಆಗಲಿ, ಬರುವ ಕೋರಿಕೆಗಳನ್ನು ಒಟ್ಟು ಹಾಕಿದರೆ ನಾಲ್ಕು ಬಗೆ ಎದ್ದು ಕಾಣುತ್ತವೆ. ನಾನು ಹೇಳಿದಷ್ಟು ಕೆಬಿಗೆ ತಂದುಕೊಡು. ಹೊಸ ಕಡತ ಬೇಡ, ಹಳೆಯದರ ಮೇಲೆಯೇ ಬರೆದುಬಿಡು. ಚಿತ್ರದೊಳಗೆ ಅಡಗಿರುವ ತಾರೀಖು, ಸ್ಥಳ, ಹೆಸರು ಎಲ್ಲವನ್ನೂ ಅಳಿಸು. ಗುಣಮಟ್ಟ ಎಷ್ಟಿರಬೇಕೆಂದು ನನ್ನನ್ನು ಕೇಳಬೇಡ, ನೀನೇ ನೋಡಿಕೋ. ನೋಡಲು ನಾಲ್ಕೂ ಬರೀ ಅನುಕೂಲದ ಮಾತುಗಳು. ಆದರೆ ಪ್ರತಿಯೊಂದರಲ್ಲೂ ಮನುಷ್ಯ ತಾನು ಮಾಡಬೇಕಾದ ಒಂದು ತೀರ್ಮಾನವನ್ನು ಸಾಧನಕ್ಕೆ ಒಪ್ಪಿಸುತ್ತಿದ್ದಾನೆ. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ತೀರ್ಮಾನ ಅದು. ಬಿಡುವ ಹಕ್ಕು ಯಾರದು? ತನ್ನದನ್ನು ಬಿಟ್ಟರೆ ಅದಕ್ಕೆ ನಮ್ಮಲ್ಲಿ ತ್ಯಾಗ ಎಂಬ ದೊಡ್ಡ ಹೆಸರಿದೆ. ಇನ್ನೊಬ್ಬರದನ್ನು ಅವರಿಗೆ ತಿಳಿಯದಂತೆ ಬಿಟ್ಟುಕೊಟ್ಟರೆ ಅದು ತ್ಯಾಗವಲ್ಲ. ಚಿತ್ರ ಕುಗ್ಗಿಸುವ ವ್ಯವಹಾರದಲ್ಲಿ ಕೋರಿಕೆ ಸಲ್ಲಿಸುವವರು ಒಬ್ಬರು, ಕಳೆದುಕೊಳ್ಳುವವರು ಮತ್ತೊಬ್ಬರು. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕುಗ್ಗಿಸುವುದರಲ್ಲಿ ಎರಡು ಬಗೆಯಿದೆ ಎಂಬುದನ್ನು ಮೊದಲು ನೋಡಬೇಕು. ಗಜೇಂದ್ರಗಡ ಕೈಮಗ್ಗದ ಊರಾದ್ದರಿಂದ ಸೀರೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಸೀರೆಯನ್ನು ಸಣ್ಣ ಪೆಟ್ಟಿಗೆಯಲ್ಲಿಡಬೇಕಾದರೆ ಮಡಿಸಬಹುದು. ಬಿಚ್ಚಿದರೆ ಮತ್ತೆ ಅಷ್ಟೇ ಉದ್ದದ ಸೀರೆ. ಪೆಟ್ಟಿಗೆ ಅದಕ್ಕಿಂತಲೂ ಚಿಕ್ಕದಾದರೆ ಕತ್ತರಿಸಬೇಕಾಗುತ್ತದೆ. ಆಮೇಲೆ ಎಷ್ಟು ಬಿಚ್ಚಿದರೂ ಇಡೀ ಸೀರೆ ಬಾರದು. 1996ರಲ್ಲಿ ಬಂದ ಪಿಎನ್‌ಜಿ ಮಡಿಸುವ ವಿಧಾನ. ಮತ್ತೆ ಮತ್ತೆ ಬರುವುದನ್ನು ಒಂದು ಸಲ ಬರೆದು, ಉಳಿದೆಡೆ ಅದರ ಗುರುತು ಮಾತ್ರ ಇಡುತ್ತದೆ. ತೆರೆದಾಗ ಒಂದು ಚುಕ್ಕಿಯೂ ವ್ಯತ್ಯಾಸವಾಗುವುದಿಲ್ಲ. 1992ರಲ್ಲಿ ಜಾಗತಿಕ ಮಾನಕವಾದ ಜೆಪೆಗ್ ಸಾಮಾನ್ಯ ಬಳಕೆಯಲ್ಲಿ ಕತ್ತರಿಸುವ ವಿಧಾನ.

ಕತ್ತರಿಸದೆ ಎಲ್ಲ ಚಿತ್ರಗಳನ್ನೂ ಚಿಕ್ಕದು ಮಾಡು ಎಂದು ಕೇಳುವವರೂ ಇದ್ದಾರೆ. ಇದು ಯಾವ ಜಾಣನಿಂದಲೂ ಆಗದ ಕೆಲಸ, ಕಾರಣ ತುಂಬಾ ಸರಳ. ಸಾವಿರ ಬೇರೆ ಬೇರೆ ಚಿತ್ರಗಳನ್ನು ಗುರುತಿಸಲು ಸಾವಿರ ಬೇರೆ ಬೇರೆ ಹೆಸರುಗಳು ಬೇಕು. ಉದ್ದ ಹೆಸರುಗಳಿಗಿಂತ ಚಿಕ್ಕ ಹೆಸರುಗಳ ಸಂಖ್ಯೆ ಕಡಿಮೆ. ಎಲ್ಲರಿಗೂ ಚಿಕ್ಕ ಹೆಸರೇ ಬೇಕೆಂದರೆ ಇಬ್ಬರಿಗೆ ಒಂದೇ ಹೆಸರು ಬರುತ್ತದೆ, ಕರೆದಾಗ ಯಾರು ಬರಬೇಕೆಂದು ತಿಳಿಯುವುದಿಲ್ಲ. ಹಾಗಾಗಿ ಮಡಿಸುವುದಕ್ಕೆ ಒಂದು ಮಿತಿಯಿದೆ. ಅದನ್ನು ದಾಟಬೇಕಾದರೆ ಏನನ್ನಾದರೂ ಕಳೆದುಕೊಳ್ಳಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ಕಾಲು ಮಡಚಿಕೋ ಎಂದರೇ ಹೊರತು ಕಡಿದುಕೋ ಎನ್ನಲಿಲ್ಲ. ಗ್ರೀಕರ ಕತೆಯೊಂದರಲ್ಲಿ ಪ್ರೊಕ್ರಸ್ಟಿಸ್ ಎಂಬ ದರೋಡೆಕೋರನಿದ್ದಾನೆ. ಅತಿಥಿಯನ್ನು ಮಂಚದ ಮೇಲೆ ಮಲಗಿಸಿ, ಉದ್ದವಾದರೆ ಕಾಲು ಕಡಿಯುತ್ತಾನೆ, ಗಿಡ್ಡವಾದರೆ ಎಳೆದು ಉದ್ದ ಮಾಡುತ್ತಾನೆ. ಅರ್ಜಿಗಳ ಲೋಕ ಈ ಎರಡನೆಯದನ್ನೂ ಬಿಟ್ಟಿಲ್ಲ. ಫೋಟೋ 20 ಕೆಬಿಗಿಂತ ಚಿಕ್ಕದಾದರೂ ತಿರಸ್ಕೃತ. ಆದ್ದರಿಂದ ಕೆಬಿ ಹೆಚ್ಚಿಸಿಕೊಡುವ ವೆಬ್‌ಸೈಟುಗಳೂ ಇವೆ. ಅಲ್ಲಿ ಚಿತ್ರಕ್ಕೆ ಹೊಸ ವಿವರವೇನೂ ಸೇರುವುದಿಲ್ಲ, ಸಂಖ್ಯೆ ಮಾತ್ರ ಬೆಳೆಯುತ್ತದೆ.

ಜೆಪೆಗ್‌ನ ಒಳಗೆ ಇರುವ ಗಣಿತಕ್ಕೂ ಕರ್ನಾಟಕಕ್ಕೂ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದವರು ನಾಸಿರ್ ಅಹ್ಮದ್. 1974ರ ಜನವರಿಯಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಅವರು ಪ್ರಕಟಿಸಿದ ಸಣ್ಣ ಲೇಖನದಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವಿತ್ತು. ಅದಕ್ಕೂ ಎರಡು ವರ್ಷ ಮೊದಲು ಈ ಕೆಲಸಕ್ಕಾಗಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅವರು ಅನುದಾನ ಕೇಳಿದ್ದರು. ಸಿಗಲಿಲ್ಲ. ಕಲ್ಪನೆ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಪರಿಶೀಲಕರೊಬ್ಬರಿಂದ ಬಂದಿತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಇವತ್ತು ನಮ್ಮ ಮೊಬೈಲಿನ ಬಹುತೇಕ ಫೋಟೋಗಳ ಹಿಂದೆ ಆ ಸರಳ ಕಲ್ಪನೆಯೇ ಇದೆ.

ಅದು ಮಾಡುವುದಿಷ್ಟು. ಚಿತ್ರವನ್ನು ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಚೌಕಗಳಾಗಿ ಒಡೆಯಲಾಗುತ್ತದೆ. ಪ್ರತಿ ಚೌಕದ 64 ಸಂಖ್ಯೆಗಳ ಜಾಗದಲ್ಲಿ ಬೇರೆ 64 ಸಂಖ್ಯೆಗಳು ಬರುತ್ತವೆ. ಮೊದಲನೆಯದು ಆ ಚೌಕದ ಒಟ್ಟು ಬೆಳಕನ್ನು ಹೇಳುತ್ತದೆ, ನಂತರದವು ನಿಧಾನವಾಗಿ ಬದಲಾಗುವ ನೆರಳನ್ನು, ಕೊನೆಯವು ಅತಿ ಸೂಕ್ಷ್ಮ ಗೆರೆಗಳನ್ನು. ಹೊಲದ ಫಸಲನ್ನು ಕಣದಲ್ಲಿ ತೂರಿ ಕಾಳು, ಜೊಳ್ಳು, ಹೊಟ್ಟು ಎಂದು ಬೇರೆ ಬೇರೆ ರಾಶಿ ಮಾಡಿದ ಹಾಗೆ. ತೂರಿದ ಮಾತ್ರಕ್ಕೆ ಏನೂ ನಷ್ಟವಾಗಿಲ್ಲ, ಮೂರು ರಾಶಿಗಳನ್ನು ಕೂಡಿಸಿದರೆ ಮೊದಲಿನದೇ ಬರುತ್ತದೆ. ನಾಸಿರ್ ಅಹ್ಮದ್ ಅವರ ಗಣಿತ ತನ್ನಷ್ಟಕ್ಕೆ ಏನನ್ನೂ ಬಿಸಾಡುವುದಿಲ್ಲ. ಬಿಸಾಡುವುದು ಮುಂದಿನ ಹಂತ. ಅಲ್ಲಿ ಪ್ರತಿ ಸಂಖ್ಯೆಯನ್ನೂ ಒಂದು ಕೋಷ್ಟಕದ ಪ್ರಕಾರ ಭಾಗಿಸಿ, ಉಳಿದ ಚೂರನ್ನು ಕೈಬಿಡುತ್ತಾರೆ. ಕೋಷ್ಟಕದಲ್ಲಿ ದೊಡ್ಡ ಅಂಕಿ ಇಟ್ಟರೆ ಹೆಚ್ಚು ನಷ್ಟ, ಸಣ್ಣ ಅಂಕಿ ಇಟ್ಟರೆ ಕಡಿಮೆ. ಇದು ಹೊಟ್ಟು, ಇದು ಕಾಳು ಎಂದು ಹೇಳುವುದು ಈ ಕೋಷ್ಟಕ. ಅದನ್ನು ಬರೆಯುವವರು ಮನುಷ್ಯರು.

ಸಾಧನದಲ್ಲಿ ನಮಗೆ ಕಾಣುವ ಗುಣಮಟ್ಟದ ಅಂಕಿ ಈ ಕೋಷ್ಟಕವನ್ನೇ ಹಿಗ್ಗಿಸಿ ಕುಗ್ಗಿಸುವ ಕೀಲಿ. ಬಹುಕಾಲದಿಂದ ಎಲ್ಲೆಡೆ ಬಳಕೆಯಲ್ಲಿರುವ ಲಿಬ್‌ಜೆಪೆಗ್‌ನಲ್ಲಿ ಬೇರೆ ಹೇಳದಿದ್ದರೆ ಅದು 75. ನೂರಕ್ಕೆ ಎಪ್ಪತ್ತೈದು ಭಾಗ ಉಳಿಯುತ್ತದೆ ಎಂದು ಇದರ ಅರ್ಥವಲ್ಲ. ಅದು ಶೇಕಡಾವಾರು ಅಲ್ಲವೇ ಅಲ್ಲ, ಅನುಕೂಲಕ್ಕೆ ಇಟ್ಟುಕೊಂಡ ಒಂದು ಮೆಟ್ಟಿಲು. ಆದರೆ ಪರೀಕ್ಷೆಯ ಅಂಕಗಳಿಗೆ ಒಗ್ಗಿಹೋದ ನಮಗೆ 75 ಎಂದರೆ ಡಿಸ್ಟಿಂಕ್ಷನ್‌ನಂತೆ ಕೇಳಿಸುತ್ತದೆ.

ಕೋಷ್ಟಕದ ಹಿಂದೆ ಒಂದು ನಂಬಿಕೆಯಿದೆ. ಮನುಷ್ಯನ ಕಣ್ಣು ಬೆಳಕಿನ ಸಣ್ಣ ವ್ಯತ್ಯಾಸವನ್ನು ಗುರುತಿಸಿದಷ್ಟು ಚುರುಕಾಗಿ ಬಣ್ಣದ ಸಣ್ಣ ವ್ಯತ್ಯಾಸವನ್ನು ಗುರುತಿಸದು ಎಂಬ ನಂಬಿಕೆ. ಇದು ನಿಜವೂ ಹೌದು. ಅದಕ್ಕಾಗಿ ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಚುಕ್ಕಿಯ ಬೆಳಕನ್ನು ಪ್ರತ್ಯೇಕ ಇಟ್ಟುಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗಳಿಗೆ ಒಂದರಂತೆ ಹಂಚುತ್ತಾರೆ. ಮುಖ, ಮರ, ಆಕಾಶದ ಚಿತ್ರಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯನ್ನು ನೆನೆಯಿರಿ. ಒಡಲಲ್ಲಿ ಸಣ್ಣ ಸಣ್ಣ ಚೌಕಳಿ, ಅದಕ್ಕೆ ಎದುರು ಬಣ್ಣದ ಅಂಚು. ಅಲ್ಲಿ ಸೊಗಸೆಲ್ಲ ಇರುವುದು ಒಂದು ಬಣ್ಣ ನಿಂತು ಇನ್ನೊಂದು ಶುರುವಾಗುವ ಗೆರೆಯಲ್ಲಿ. ಕೆಂಪು ಎಳೆ, ಸಾಸಿವೆ ಹಳದಿ ಎಳೆ ಪಕ್ಕಪಕ್ಕದಲ್ಲಿದ್ದಾಗ ನಾಲ್ಕು ಚುಕ್ಕಿಗೆ ಒಂದೇ ಬಣ್ಣ ಎಂದರೆ ಗೆರೆ ಕದಡುತ್ತದೆ. ಫೋಟೋ ನೋಡಿ ಕೊಳ್ಳುವವರಿಗೆ ಅದು ಮಾಸಲು ಸೀರೆಯಂತೆ ಕಾಣಬಹುದು. ನಷ್ಟ ನೇಕಾರನದು. ಆದರೆ ಈ ಗುಣಮಟ್ಟ ಸಾಕು ಎಂದವರು ಮಾರಾಟದ ಪುಟ ಬೇಗ ತೆರೆಯಬೇಕೆಂದು ಬಯಸಿದವರು. ಅವರು ಕೆಟ್ಟವರಲ್ಲ, ಬಯಸಿದ್ದೂ ತಪ್ಪಲ್ಲ. ತೀರ್ಮಾನದ ಹೊತ್ತಿಗೆ ನೇಕಾರ ಅಲ್ಲಿರಲಿಲ್ಲ, ಅಷ್ಟೇ.

ಬಣ್ಣಕ್ಕಿಂತ ಸೂಕ್ಷ್ಮವಾದದ್ದು ಅಕ್ಷರ. ಕನ್ನಡದಲ್ಲಿ ದನಕ್ಕೂ ಧನಕ್ಕೂ ಇರುವ ಅಂತರ ದಕಾರದ ಕೆಳಗಿನ ಒಂದು ಸಣ್ಣ ಸೀಳು. ಬಾರಕ್ಕೂ ಭಾರಕ್ಕೂ ಅಷ್ಟೇ. ಕೈಬರಹದ ಹಳೆಯ ಕಾಗದವೊಂದರ ಫೋಟೋ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಎರಡು ಮೂರು ಕೈ ದಾಟಿಸಿ, ಮತ್ತೆ 50 ಕೆಬಿಗೆ ಇಳಿಸಿದರೆ ಮೊದಲು ಹೋಗುವುದು ಈ ಸೀಳುಗಳು. ಎಂಟೆಂಟು ಚುಕ್ಕಿಗಳ ಚೌಕದಲ್ಲಿ ಅವು ಸೂಕ್ಷ್ಮ ಗೆರೆಗಳ ಲೆಕ್ಕಕ್ಕೆ ಸೇರುತ್ತವೆ, ಅಂದರೆ ಹೊಟ್ಟಿನ ರಾಶಿಗೆ. ಯಂತ್ರಕ್ಕೆ ಹೊಟ್ಟಾದದ್ದು ಭಾಷೆಗೆ ಕಾಳು.

ಇಷ್ಟಾದರೂ ಜೆಪೆಗ್ ಒಂದು ವಿಷಯದಲ್ಲಿ ಪ್ರಾಮಾಣಿಕ. ಅದು ಕೆಡಿಸಿದರೆ ಕೆಟ್ಟದ್ದು ಕಾಣುತ್ತದೆ. ಅಕ್ಷರದ ಸುತ್ತ ಮಬ್ಬು, ಚೌಕ ಚೌಕವಾದ ಕಲೆ, ಓದುವವರಿಗೆ ಅನುಮಾನ ಬರುತ್ತದೆ. ಇದಕ್ಕಿಂತ ಭಯಂಕರವಾದದ್ದು 2013ರ ಆಗಸ್ಟಿನಲ್ಲಿ ಬೆಳಕಿಗೆ ಬಂತು. ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕಟ್ಟಡದ ನಕಾಶೆಯೊಂದರ ಪ್ರತಿಯನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳಿಗೆ ಮೂರು ಬೇರೆ ಬೇರೆ ಅಳತೆಗಳಿದ್ದವು. ಝೆರಾಕ್ಸ್ ಕಂಪನಿಯ ಯಂತ್ರದಿಂದ ಹೊರಬಂದ ಪ್ರತಿಯಲ್ಲಿ ಮೂರೂ ಕೋಣೆಗಳು 14.13 ಚದರ ಮೀಟರ್! ಬೇರೆ ಕಾಗದಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಯಂತ್ರ ಬಳಸುತ್ತಿದ್ದ ಜೆಬಿಗ್2 ಎಂಬ ವಿಧಾನದ ಕೆಲಸ ಹೀಗಿದೆ: ಪುಟದಲ್ಲಿ ಒಂದೇ ಥರ ಕಾಣುವ ಆಕಾರಗಳನ್ನು ಹುಡುಕಿ, ಒಂದನ್ನೇ ಉಳಿಸಿಕೊಂಡು, ಉಳಿದೆಡೆಯೆಲ್ಲ ಅದನ್ನೇ ಅಂಟಿಸುವುದು. ಸಾಕಷ್ಟು ಹೋಲುತ್ತದೆ ಎಂಬ ಅಳತೆ ಸಡಿಲವಾದಾಗ 6 ಹೋಗಿ 8 ಕೂತಿತು. ಮಬ್ಬಿಲ್ಲ, ಕಲೆಯಿಲ್ಲ. ಸ್ಪಷ್ಟವಾದ, ಚಂದವಾದ ಸುಳ್ಳು ಅಂಕಿ.

ಈ ಸುದ್ದಿಯನ್ನು ಎಕರೆ ಗುಂಟೆಗಳ ಲೆಕ್ಕದಲ್ಲಿ ಬದುಕುವ ಊರಿನವರು ಸ್ವಲ್ಪ ಬೇರೆಯಾಗಿ ಕೇಳಿಸಿಕೊಳ್ಳುತ್ತಾರೆ. ಹೊಲದ ಹಳೆಯ ಕಾಗದದಲ್ಲಿ 6 ಗುಂಟೆ 8 ಗುಂಟೆಯಾದರೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕಡಿಮೆ ಜಾಗದಲ್ಲಿ ಹೆಚ್ಚು ಪುಟ ಹಿಡಿಸಬೇಕೆಂಬ ಬಯಕೆ ಯಾರದೋ, ಹೊಲ ಯಾರದೋ.

ಹಾಗಾದರೆ ಕತ್ತರಿಸುವುದೇ ಪಾಪವೇ? ಅಲ್ಲ. ಕಳೆದುಹೋದದ್ದರ ಜೊತೆ ಪ್ರಾಮಾಣಿಕವಾಗಿ ಬಾಳುವ ಒಂದು ಪದ್ಧತಿ ನಮ್ಮ ನೆಲದಲ್ಲೇ ಇದೆ. ಗಜೇಂದ್ರಗಡಕ್ಕೆ ಹತ್ತಿರದ ಸೂಡಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಊರಾಗಿತ್ತು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಆ ನಾಡನ್ನು ಆಳಿದಳು. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಈಗಲೂ ಜನ ಹೋಗುತ್ತಾರೆ. ಅಲ್ಲಿನ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದ ಅಚ್ಚು ತೆಗೆಯುವವರು ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು, ಮೇಲೆ ಮಸಿ ಒತ್ತುತ್ತಾರೆ. ಕಪ್ಪು ಹಾಳೆಯಲ್ಲಿ ಅಕ್ಷರಗಳು ಬಿಳಿಯಾಗಿ ಏಳುತ್ತವೆ. ಇದೂ ಒಂದು ಕುಗ್ಗಿಸುವಿಕೆಯೇ. ಕಲ್ಲಿನ ಬಣ್ಣ, ತೂಕ, ಹಿಂಬದಿ ಎಲ್ಲವನ್ನೂ ಬಿಟ್ಟು ಅಕ್ಷರವನ್ನಷ್ಟೇ ತರುವುದು. ಆಮೇಲೆ ಓದಿ ಬರೆಯುವಾಗ ಒಂದು ಶಿಸ್ತಿದೆ. ಸವೆದು ಅನುಮಾನವಾದ ಅಕ್ಷರವನ್ನು ಕಂಸದೊಳಗೆ ಇಡುತ್ತಾರೆ. ಪೂರ್ತಿ ಅಳಿದುಹೋದಲ್ಲಿ ಚುಕ್ಕಿಗಳನ್ನು ಹಾಕುತ್ತಾರೆ. ಆ ಚುಕ್ಕಿಗಳನ್ನು ಕಂಡವರು, ಇಲ್ಲಿ ಏನೋ ಇತ್ತು, ಈಗಿಲ್ಲ ಎಂದು ತಿಳಿಯುತ್ತಾರೆ. ನೂರು ವರ್ಷದ ನಂತರ ಮತ್ತೊಬ್ಬರು ಕಲ್ಲಿನ ಹತ್ತಿರವೇ ಹೋಗಿ ನೋಡಬಹುದು, ಯಾಕೆಂದರೆ ಅಚ್ಚು ತೆಗೆದವರು ಕಲ್ಲನ್ನು ಒಡೆಯಲಿಲ್ಲ.

ಇದೇ ಕಿಸುಕಾಡು ನಾಡಿನ ಸಯ್ಯಡಿಯವನು, ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ. ಅವನೂ ಹನ್ನೊಂದನೆಯ ಶತಮಾನದವನೇ. ಸಂಸ್ಕೃತದ ಕತೆಯನ್ನು ಕನ್ನಡದ ಅಳತೆಗೆ ತರುವಾಗ ಯಾವ ಕವಿಯಾದರೂ ಕೆಲವನ್ನು ಬಿಡುತ್ತಾನೆ, ಕೆಲವನ್ನು ಸೇರಿಸುತ್ತಾನೆ. ಆದರೆ ತನ್ನ ಮೂಲ ವಸುಭಾಗಭಟ್ಟನ ಕೃತಿ ಎಂದು ದುರ್ಗಸಿಂಹ ಹೇಳಿಯೇ ಹೇಳಿದ. ಅದರಿಂದಾಗಿ ವಿಷ್ಣುಶರ್ಮನ ಹೆಸರಿನ ಪಾಠಕ್ಕಿಂತ ಬೇರೆಯಾದ ಒಂದು ಪಂಚತಂತ್ರದ ಪರಂಪರೆ ಇತ್ತೆಂದು ವಿದ್ವಾಂಸರಿಗೆ ಗೊತ್ತಾಯಿತು. ಮೂಲದ ಹೆಸರನ್ನು ಹೇಳುವುದು ಕವಿಗೆ ಸೌಜನ್ಯವಾಗಿದ್ದಿರಬಹುದು, ನಮಗೆ ಅದು ದಾರಿಯಾಯಿತು.

ಈ ಅಳತೆಗೋಲು ಹಿಡಿದು ಸಾಧನಗಳ ಕಡೆಗೆ ಮರಳೋಣ. ಪಿಎನ್‌ಜಿಕ್ವಾಂಟ್ ಬಣ್ಣಗಳನ್ನು ಕಡಿಮೆ ಮಾಡುವ, ಅಂದರೆ ಕತ್ತರಿಸುವ ಸಾಧನ. ಆದರೆ ಬೇರೆ ಹೇಳದಿದ್ದರೆ ಅದು ಹೊಸ ಹೆಸರಿನಲ್ಲಿ ಹೊಸ ಕಡತ ಮಾಡುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಜೆಪೆಗ್‌ಆಪ್ಟಿಮ್ ಬೇರೆ ಹೇಳದಿದ್ದರೆ ಹಳೆಯ ಕಡತವನ್ನೇ ಬದಲಿಸುತ್ತದೆ. ಆದರೆ ಗುಣಮಟ್ಟದ ಅಂಕಿ ಕೊಡದಿದ್ದರೆ ಅದು ಬರೀ ಮಡಿಸುತ್ತದೆ, ಕತ್ತರಿಸುವುದಿಲ್ಲ. ಹಾಗಾಗಿ ಚಿತ್ರಕ್ಕೆ ನಷ್ಟವಿಲ್ಲ. ಅಂಕಿ ಕೊಟ್ಟ ಕೂಡಲೇ ಕತ್ತರಿಯೂ ಬರುತ್ತದೆ, ಮೂಲವೂ ಹೋಗುತ್ತದೆ. ಎರಡೂ ಸಾಧನಗಳು ಉಪಯುಕ್ತ. ಆದರೆ ಏನೂ ಹೇಳದಿದ್ದಾಗ ಒಂದು ಸಾಧನ ಏನು ಮಾಡುತ್ತದೆ ಎಂಬುದು ಅದರ ಸ್ವಭಾವ. ಹೆಚ್ಚಿನವರು ಏನೂ ಹೇಳದೆಯೇ ಬಳಸುತ್ತಾರೆ. ಆದ್ದರಿಂದ ಮೂಲವನ್ನು ಉಳಿಸುವುದು ಬಿಡುವುದು ಅವರ ಕೈಯಲ್ಲಿ ಅಲ್ಲ, ಸಾಧನ ಮಾಡಿದವರ ಕೈಯಲ್ಲಿದೆ.

ಚಿತ್ರದೊಳಗಿನ ಮಾಹಿತಿ ಅಳಿಸುವ ಕೋರಿಕೆ ಇನ್ನೂ ತೊಡಕಿನದು. ಸಿವೆಬ್‌ಪಿ ಬೇರೆ ಹೇಳದಿದ್ದರೆ ಅದನ್ನು ಅಳಿಸುತ್ತದೆ. ನರಗುಂದದ ಹುಡುಗಿಯೊಬ್ಬಳು ಮನೆಯ ಅಂಗಳದಲ್ಲಿ ತೆಗೆದ ಫೋಟೋದಲ್ಲಿ ಆ ಅಂಗಳದ ಅಕ್ಷಾಂಶ ರೇಖಾಂಶಗಳು ಸೇರಿಕೊಂಡಿರಬಹುದು. ಅವು ಊರೂರು ತಿರುಗಬಾರದು, ಅಳಿಸುವುದೇ ಒಳ್ಳೆಯದು. ಅದೇ ಹುಡುಗಿ ಸೂಡಿಯ ಗುಡಿಯ ಚಿತ್ರವೊಂದನ್ನು ಕಷ್ಟಪಟ್ಟು ತೆಗೆದು, ಕ್ಯಾಮೆರಾದಲ್ಲಿ ತನ್ನ ಹೆಸರನ್ನು ಸೇರಿಸಿದ್ದರೆ? ಅದೂ ಅಳಿಯುತ್ತದೆ. ಚಿತ್ರ ಎಲ್ಲರದ್ದಾಗುತ್ತದೆ, ಅವಳದ್ದು ಮಾತ್ರ ಆಗಿರುವುದಿಲ್ಲ. ಒಂದೇ ಕತ್ತರಿ ಒಮ್ಮೆ ಕಾಪಾಡುತ್ತದೆ, ಒಮ್ಮೆ ದೋಚುತ್ತದೆ. ಯಾವಾಗ ಯಾವುದು ಎಂದು ಸಾಧನಕ್ಕೆ ತಿಳಿಯದು. ತಿಳಿದಿರುವವಳು ಅವಳು.

ಕೋರಿಕೆಗೆ ಒಲ್ಲೆ ಎಂದ ಸಾಧನವೂ ಒಂದಿದೆ. ಗೂಗಲ್ 2017ರಲ್ಲಿ ಹೊರತಂದ ಗೆಟ್ಸ್ಲಿಗೆ ಗುಣಮಟ್ಟವನ್ನು 84ಕ್ಕಿಂತ ಕಡಿಮೆ ಮಾಡು ಎಂದರೆ ಅದು ನಿರಾಕರಿಸುತ್ತದೆ. ಕಲೆಗಳು ಎದ್ದು ಕಾಣುತ್ತವೆ, ಆದರೂ ಬೇಕೇ ಬೇಕೆಂದರೆ ಮೂಲ ಸಂಕೇತವನ್ನು ನೀವೇ ತಿದ್ದಿಕೊಳ್ಳಿ ಎಂಬರ್ಥದ ಸಂದೇಶ ಬರುತ್ತದೆ. ಓದಿದಾಗ ಮೆಚ್ಚುಗೆ ಬರುತ್ತದೆ. ಕೆಟ್ಟ ಕೆಲಸ ಮಾಡಲಾರೆ ಎನ್ನುವ ಬಡಗಿಯ ಹಟ ಅದು. ಆದರೆ ಇನ್ನೊಂದು ಕಡೆಯಿಂದ ನೋಡಿ. ಅದಕ್ಕೆ ಹತ್ತು ಲಕ್ಷ ಚುಕ್ಕಿಗಳ ಚಿತ್ರಕ್ಕೆ ಸುಮಾರು ಒಂದು ನಿಮಿಷ, 300 ಎಂಬಿ ನೆನಪಿನ ಜಾಗ ಬೇಕು. ಅರ್ಜಿಯ ಕೊನೆಯ ದಿನ, ಸಾಲು ನಿಂತ ಝೆರಾಕ್ಸ್ ಅಂಗಡಿಯ ಹಳೆಯ ಕಂಪ್ಯೂಟರಿಗೆ ಈ ಹಟ ಕೈಗೆಟುಕದ್ದು. ಒಲ್ಲೆ ಎನ್ನುವುದೂ ಒಂದು ಶ್ರೀಮಂತಿಕೆ.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಅದು ನ್ಯಾಯವಾದದ್ದು. ಕುಗ್ಗಿಸಿದ ಚಿತ್ರದಿಂದ ಬಡವನಿಗೇ ಹೆಚ್ಚು ಲಾಭ. ದಿನಕ್ಕೆ ಇಷ್ಟು ಎಂಬ ಡೇಟಾ ಪ್ಯಾಕಿನ ಮೇಲೆ, ಸಿಗ್ನಲ್ ಬಂದು ಹೋಗುವ ಹಳ್ಳಿಯಲ್ಲಿ ಕೂತ ವಿದ್ಯಾರ್ಥಿಗೆ ನಾಲ್ಕು ಎಂಬಿಯ ಚಿತ್ರ ತೆರೆಯುವುದೇ ಇಲ್ಲ. ಸ್ಪಷ್ಟವಾಗಿಯೂ ಎಟುಕದ ಚಿತ್ರಕ್ಕಿಂತ ಮಬ್ಬಾಗಿಯಾದರೂ ಕಾಣುವ ಚಿತ್ರ ಮೇಲು. ಕತ್ತರಿಸಬೇಡಿ ಎಂದು ಹಟ ಹಿಡಿದರೆ ಅವನನ್ನು ಹೊರಗಿಟ್ಟಂತೆ. ಇದನ್ನು ಒಪ್ಪಲೇಬೇಕು. ಕುಗ್ಗಿಸುವುದು ಎಷ್ಟೋ ಸಲ ಹಂಚಿಕೊಳ್ಳುವ ಇನ್ನೊಂದು ಹೆಸರು. ಆದರೆ ಈ ಆಕ್ಷೇಪ ಕೇಳುವುದು ಚಿಕ್ಕ ಪ್ರತಿಯೊಂದನ್ನು. ದೊಡ್ಡದನ್ನು ನಾಶ ಮಾಡಿ ಎಂದು ಅದು ಕೇಳುವುದಿಲ್ಲ. ನಷ್ಟವನ್ನು ಮುಚ್ಚಿಡಿ ಎಂದೂ ಕೇಳುವುದಿಲ್ಲ. ಶಾಸನದ ಅಚ್ಚು ಗ್ರಂಥಾಲಯದಲ್ಲಿರಲಿ, ಕಲ್ಲು ಸೂಡಿಯಲ್ಲಿರಲಿ. ಎರಡಕ್ಕೂ ಜಗಳವಿಲ್ಲ.

ಇನ್ನೊಂದು ಆಕ್ಷೇಪ: ಪ್ರತಿ ಸಲ ಎಚ್ಚರಿಸುತ್ತಾ ಕೂತರೆ ಯಾರು ಓದುತ್ತಾರೆ? ನಿಜ, ಪ್ರಶ್ನೆಗಳ ಕಾಟ ಕೊಡುವ ಸಾಧನವನ್ನು ಜನ ಬಿಟ್ಟುಬಿಡುತ್ತಾರೆ. ಆದ್ದರಿಂದ ಪ್ರಶ್ನೆ ಬೇಡ. ಕೆಲಸ ಮುಗಿದ ಮೇಲೆ ಒಂದು ಸಾಲು ಹೇಳಿದರೆ ಸಾಕು. ಸದ್ಯ ಬಹುತೇಕ ಸಾಧನಗಳು ಹೇಳುವ ಸಾಲು, ಎಷ್ಟು ಶೇಕಡಾ ಉಳಿತಾಯವಾಯಿತು ಎಂಬುದು. ಜಾಗದ ಲೆಕ್ಕದಲ್ಲಿ ಅದು ಉಳಿತಾಯ, ಚಿತ್ರದ ಲೆಕ್ಕದಲ್ಲಿ ಖರ್ಚು. ಜಮಾ ಹೇಳಿ ಖರ್ಚು ಹೇಳದ ಲೆಕ್ಕವನ್ನು ಕಿರಾಣಿ ಅಂಗಡಿಯವನಿಂದ ನಾವು ಒಪ್ಪುವುದಿಲ್ಲ.

ಕೋರಿಕೆಗಳು ಎಲ್ಲಿಂದ ಬರುತ್ತವೆ ಎಂಬುದನ್ನೂ ಗಮನಿಸಬೇಕು. ಇಂಗ್ಲಿಷಿನಲ್ಲಿ ಬರೆಯಬಲ್ಲ, ಕೇಳುವುದಕ್ಕೆ ಒಂದು ಜಾಗವಿದೆ ಎಂದು ಬಲ್ಲ ಜನರಿಂದ. ಕೆಬಿ ಇಳಿಸಿಕೊಡುವ ರೋಣದ ಅಂಗಡಿಯವನು ವರ್ಷಕ್ಕೆ ಸಾವಿರಾರು ಚಿತ್ರ ಕುಗ್ಗಿಸುತ್ತಾನಾದರೂ ಅವನ ಕೋರಿಕೆ ಅಲ್ಲಿ ತಲುಪುವ ಸಂಭವ ಕಡಿಮೆ. ನೇಕಾರನದಂತೂ ತಲುಪದು. ಶಾಸನದ ಮುಂದಿನ ಓದುಗ ಇನ್ನೂ ಹುಟ್ಟಿಲ್ಲ. ಸಂಬಳವಿಲ್ಲದೆ ದುಡಿಯುವ ಸಾಧನದ ಒಡೆಯನ ಮೇಲೆ ಇವರೆಲ್ಲರ ಹೊರೆ ಹೊರಿಸುವುದೂ ಅನ್ಯಾಯವೇ. ಹಾಗಾಗಿ ಕೋರಿಕೆ ಬರೆಯುವವರ ಮೇಲೆಯೇ ಒಂದು ಹೊಣೆ ಬೀಳುತ್ತದೆ: ನನ್ನ ಕೋರಿಕೆ ಈಡೇರಿದರೆ ಯಾರಿಗೆ ಏನು ಕಡಿಮೆಯಾಗುತ್ತದೆ ಎಂಬ ಒಂದು ವಾಕ್ಯವನ್ನು ಅದರಲ್ಲೇ ಸೇರಿಸುವುದು. ಕಂಪ್ಯೂಟರ್ ಸೈನ್ಸ್ ಓದುತ್ತಿರುವ, ಇಂಥ ಕಡೆ ಬರೆಯಬಲ್ಲ ವಿದ್ಯಾರ್ಥಿಗಳು ಈಗ ಗದಗ, ಧಾರವಾಡದ ಕಾಲೇಜುಗಳಲ್ಲಿ ಸಾಕಷ್ಟಿದ್ದಾರೆ.

ಅವರಲ್ಲಿ ಯಾರಾದರೂ ಬರೆಯುವುದಾದರೆ ಕೇಳಬಹುದಾದದ್ದು ಮೂರೇ. ಕತ್ತರಿಸುವಾಗ ಮೂಲವನ್ನು ಹೇಳದೆ ಅಳಿಸಬೇಡ. ಮಡಿಸಿದೆಯೋ ಕತ್ತರಿಸಿದೆಯೋ ಎಂಬುದನ್ನು ಒಂದು ಸಾಲಿನಲ್ಲಿ ಹೇಳು, ಆ ಸಾಲು ಕನ್ನಡದಲ್ಲೂ ಇರಲಿ. ಹೆಸರನ್ನೂ ಸ್ಥಳವನ್ನೂ ಒಟ್ಟಿಗೆ ಅಳಿಸಬೇಡ, ಬೇರೆ ಬೇರೆ ಕೀಲಿ ಕೊಡು.

ನಾಲ್ಕನೆಯ ಕೋರಿಕೆಯೊಂದಿದೆ. ಅದನ್ನು ಸಲ್ಲಿಸಬೇಕಾದದ್ದು ಸಾಧನ ಮಾಡುವವರಿಗಲ್ಲ, ಅರ್ಜಿ ಕರೆಯುವವರಿಗೆ. 50 ಕೆಬಿಯ ಚಿತ್ರ ಬೇಕಾಗಿರುವುದು ಅವರಿಗೆ. ಇಮೇಜ್‌ಮ್ಯಾಜಿಕ್‌ನ ಒಂದೇ ಸಾಲಿನಿಂದ, ಬಂದ ಚಿತ್ರವನ್ನು ಅವರ ಕಂಪ್ಯೂಟರಿನಲ್ಲೇ ಅವರಿಗೆ ಬೇಕಾದ ಅಳತೆಗೆ ಇಳಿಸಿಕೊಳ್ಳಬಹುದು. ಆ ಒಂದು ಸಾಲನ್ನು ಬರೆಯದೆ ಬಿಟ್ಟದ್ದಕ್ಕೆ ಊರೂರಿನ ಹುಡುಗರು ಬಸ್ ಹತ್ತಿ ತಾಲೂಕು ಊರಿಗೆ ಬಂದು, ಹತ್ತಿಪ್ಪತ್ತು ರೂಪಾಯಿ ಕೊಟ್ಟು, ತಮ್ಮ ಮುಖವನ್ನು ತಾವೇ ಚಿಕ್ಕದು ಮಾಡಿಸಿಕೊಂಡು ಹೋಗುತ್ತಿದ್ದಾರೆ.